ಯಾವ ಕೊಳಗದಲ್ಲಿ ಅಳೆಯುತ್ತಿದ್ದೀರಿ?

ಮಾನ್ಯ ಕಂದಾಯ ಸಚಿವರಿಗೆ ಮತ್ತು ಮಾನ್ಯ ಹಿಂದುಳಿದ ವರ್ಗಗಳ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ನಾನು ಸಾಗರ ತಾಲ್ಲೂಕಿನ ಆನಂದಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಆನ್‌ಲೈನ್ ಅರ್ಜಿ ತುಂಬುವುದೂ ನನ್ನ ಕೆಲಸವೇ. ಪೊಲೀಸ್, ಪಿಡಿಒ, ರೈಲ್ವೆ, ಬ್ಯಾಂಕ್, ಯಾವುದಕ್ಕೆ ಅರ್ಜಿ ಕರೆದರೂ ಸುತ್ತಮುತ್ತಲ ಹಳ್ಳಿಯ ಹುಡುಗ ಹುಡುಗಿಯರು ಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡ್ ತುಂಬಿಕೊಂಡು ಬರುತ್ತಾರೆ. ಹೆಸರು, ವಿಳಾಸ, ಜಾತಿ ಎಲ್ಲ ಸಲೀಸಾಗಿ ಹೇಳುತ್ತಾರೆ. ಕೆನೆಪದರದ ಪ್ರಶ್ನೆ, ಅಂದರೆ ಹಿಂದುಳಿದ ವರ್ಗದಲ್ಲೇ ಮುಂದುವರಿದು ಮೀಸಲಾತಿಯಿಂದ ಹೊರಗುಳಿಯುವ ಮನೆಯವರಾ ಅನ್ನುವ ಪ್ರಶ್ನೆ ಬಂದ ಕೂಡಲೇ ನನ್ನ ಮುಖ ನೋಡುತ್ತಾರೆ. "ಅಣ್ಣಾ, ಇದಕ್ಕೆ ಏನು ಹಾಕಬೇಕು?"

ಆ ಪ್ರಶ್ನೆಯ ಬಗ್ಗೆಯೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ. ಕೆನೆಪದರ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಅದು ಬೇಕು. ಅಪ್ಪ ದೊಡ್ಡ ಅಧಿಕಾರಿ, ಮನೆಯಲ್ಲಿ ಇಂಗ್ಲಿಷ್ ಪೇಪರ್, ಬೆಂಗಳೂರಿನಲ್ಲಿ ಕೋಚಿಂಗ್ ಇರುವ ಹುಡುಗನೂ, ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬಸ್ಸು ಹಿಡಿಯುವ ಹುಡುಗಿಯೂ ಒಂದೇ ಸಾಲಿನಲ್ಲಿ ನಿಂತರೆ ಯಾರು ಮುಂದೆ ಹೋಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ತಕರಾರು ಇರುವುದು ಅಳತೆಯ ಮೇಲೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಇದೇ ಮಲೆನಾಡಿನ ಇನ್ನೊಂದು ತಾಲ್ಲೂಕಿಗೆ. ಯಾವುದು ಅಂತ ಬರೆಯುವುದಿಲ್ಲ. ಅಲ್ಲಿನ ಒಬ್ಬರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ನಾವು ದೀವರು, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಭಾವನ ಅಪ್ಪ ಗೇಣಿ ಮಾಡುತ್ತಿದ್ದವರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಷನ್ ಹಾಕಿ ಮೂರು ಎಕರೆ ತೋಟ ಸ್ವಂತ ಮಾಡಿಕೊಂಡರು. ಆ ಮನೆಯಲ್ಲಿ ಇವತ್ತಿಗೂ ಸರ್ಕಾರಿ ಕೆಲಸ ಹಿಡಿದವರು ಒಬ್ಬರೂ ಇಲ್ಲ. ಅಕ್ಕನ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿಕಾಂ ಮಾಡಿದಳು. ಆ ಮನೆಯ ಮೊದಲ ಪದವಿ ಅದು.

ಅವಳು ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗಳ ಸಿಎಚ್‌ಎಸ್‌ಎಲ್ ಪರೀಕ್ಷೆಗೆ ಓದುತ್ತಿದ್ದಳು. ಅರ್ಜಿ ಕರೆದಾಗ ಒಬಿಸಿ (ಇತರೆ ಹಿಂದುಳಿದ ವರ್ಗ) ಪ್ರಮಾಣಪತ್ರ ಮಾಡಿಸಲು ಹೋದಳು. ಅದು ಅಡಿಕೆ ಸುಲಿಯುವ ಕಾಲ. ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಮೆಟ್ಟುಗತ್ತಿ ಮುಂದೆ ಕೂತು, ಬೆಳಗ್ಗೆ ಎದ್ದು ಕಚೇರಿಗೆ ಹೋಗಿದ್ದಾಳೆ. ಆದಾಯ ಎಷ್ಟು ಅಂತ ಕೇಳಿದ್ದಾರೆ. ಭಾವ ಸುಳ್ಳು ಹೇಳುವ ಮನುಷ್ಯ ಅಲ್ಲ. ಅಡಿಕೆ ಮಾರಿದ ಮಂಡಿಯ ಪಟ್ಟಿಯನ್ನೇ ಕೊಟ್ಟು ಕಳಿಸಿದ್ದರು. ಆ ವರ್ಷ ದೇವರು ಕಣ್ಣು ಬಿಟ್ಟಿದ್ದ. 17 ಕ್ವಿಂಟಾಲ್ ರಾಶಿ ಅಡಿಕೆ, ಕ್ವಿಂಟಾಲಿಗೆ ಸರಾಸರಿ 50 ಸಾವಿರ ಧಾರಣೆ. ಎಂಟೂವರೆ ಲಕ್ಷ.

ಹದಿನೈದು ದಿನಕ್ಕೆ ಹಿಂಬರಹ ಬಂತು. ಒಂದೇ ಸಾಲು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರುವುದರಿಂದ ಅರ್ಜಿ ತಿರಸ್ಕರಿಸಿದೆ ಅಂತ.

ಆ ಹಿಂಬರಹದ ಜೆರಾಕ್ಸ್ ಮಾಡಿದ್ದು ನಾನೇ. ಗಾಜಿನ ಮೇಲೆ ಅವಳು ಕಾಗದ ಇಡುವಾಗ ಬೆರಳು ನೋಡಿದೆ. ಅಡಿಕೆಯ ಚೊಗರು ಹಿಡಿದು ಉಗುರಿನ ಸಂದೆಲ್ಲ ಕಪ್ಪಾಗಿತ್ತು. "ಮಾವ, ನಾವು ಕೆನೆಪದರ ಅಂತೆ" ಅಂದಳು. ಅವಳಿಗೆ ನಾನು ಹೇಳಿದ್ದು ತಪ್ಪು. ಸುಮ್ನೆ ಓಡಾಡಿ ಟೈಮ್ ಯಾಕೆ ಹಾಳು ಮಾಡ್ತೀಯಾ, ಜನರಲ್‌ನಲ್ಲೇ ಹಾಕು ಅಂದೆ. ಹಾಕಿದಳು. ಫಲಿತಾಂಶ ಬಂದಾಗ ಅವಳ ಅಂಕ ಒಬಿಸಿ ಕಟ್‌ಆಫ್‌ಗಿಂತ ಜಾಸ್ತಿ ಇತ್ತು. ಜನರಲ್ ಕಟ್‌ಆಫ್‌ಗೆ ನಾಲ್ಕು ಅಂಕ ಸಾಲಲಿಲ್ಲ.

ಆಮೇಲೆ ನಾನು ನಿಯಮ ಹುಡುಕಿ ಓದಿದೆ. ಮೊದಲೇ ಓದಬೇಕಿತ್ತು. ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 1993ರ ಸೆಪ್ಟೆಂಬರ್ 8ರಂದು ಹೊರಡಿಸಿದ ಆದೇಶ ಅದು. ಅದರ ಜೊತೆ ಒಂದು ಅನುಬಂಧ ಇದೆ. ಕೆನೆಪದರ ಯಾರು ಅಂತ ಅಲ್ಲಿ ಬಿಡಿಸಿ ಬರೆದಿದ್ದಾರೆ. ಅಪ್ಪ ಅಮ್ಮನಲ್ಲಿ ಒಬ್ಬರು ನೇರವಾಗಿ ಗ್ರೂಪ್ ಎ ಹುದ್ದೆಗೆ ಸೇರಿದವರಾದರೆ ಮಕ್ಕಳು ಕೆನೆಪದರ. ಇಬ್ಬರೂ ಗ್ರೂಪ್ ಬಿ ಆದರೂ ಅಷ್ಟೇ. ಜಮೀನಿನವರಿಗೆ ಆದಾಯದ ಲೆಕ್ಕವೇ ಇಲ್ಲ, ವಿಸ್ತೀರ್ಣದ ಲೆಕ್ಕ. ಭೂಮಿತಿ ಕಾನೂನು ಹೇಳುವ ಮಿತಿಯ ಶೇ 85ರಷ್ಟು ಅಥವಾ ಅದಕ್ಕಿಂತ ಜಾಸ್ತಿ ನೀರಾವರಿ ಜಮೀನು ಇದ್ದರೆ ಮಾತ್ರ ಹೊರಗೆ. ಮೂರು ಎಕರೆ ಅದರ ಹತ್ತಿರಕ್ಕೂ ಬರುವುದಿಲ್ಲ. ಕೊನೆಗೆ ಬರುವುದು ಆದಾಯದ ಪರೀಕ್ಷೆ. ಅದರ ಕೆಳಗೆ ವಿವರಣೆ ಇದೆ. ಸಂಬಳದ ಆದಾಯ, ಕೃಷಿ ಜಮೀನಿನ ಆದಾಯ ಇದಕ್ಕೆ ಸೇರಿಸಬಾರದು. ಉಳಿದದ್ದು ಕೂಡ ಸತತ ಮೂರು ವರ್ಷ ಮಿತಿ ಮುಟ್ಟಿರಬೇಕು.

ಅಂದರೆ ಆ ಮಂಡಿ ಪಟ್ಟಿಯನ್ನು ಕೇಳುವ ಅಗತ್ಯವೇ ಇರಲಿಲ್ಲ.

ಕೌಂಟರಿನಲ್ಲಿ ಕೂತವರಿಗೆ ಯಾಕೆ ಇದು ತಿಳಿಯಲಿಲ್ಲ? ತುಂಬಾ ಯೋಚನೆ ಮಾಡಿದ್ದೇನೆ. ಅವರಿಗೂ ಸಿಟ್ಟಿರಲಿಲ್ಲ, ದುಡ್ಡೂ ಕೇಳಿರಲಿಲ್ಲ. ತೊಂದರೆ ಇರುವುದು ಆ 8 ಲಕ್ಷದಲ್ಲಿ. ಒಂದೇ ಕೌಂಟರಿಗೆ ಮೂರು ಥರದವರು ಬರುತ್ತಾರೆ. ರಾಜ್ಯದ ಹುದ್ದೆಗೆ 2ಎ, 2ಬಿ, 3ಎ, 3ಬಿಯವರು ನಮೂನೆ-ಎಫ್ ಪ್ರಮಾಣಪತ್ರ ಕೇಳುತ್ತಾರೆ. ಕೇಂದ್ರದ ಹುದ್ದೆಗೆ ಒಬಿಸಿಯವರು ಬೇರೆ ನಮೂನೆ ಕೇಳುತ್ತಾರೆ. ಯಾವ ಮೀಸಲಾತಿಯೂ ಇಲ್ಲದವರು 2019ರಲ್ಲಿ ಬಂದ ಶೇ 10ರ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರ ಮೀಸಲಾತಿ) ಪ್ರಮಾಣಪತ್ರ ಕೇಳುತ್ತಾರೆ. ಮೂರಕ್ಕೂ 8 ಲಕ್ಷ. ಆದರೆ ಲೆಕ್ಕ ಬೇರೆ ಬೇರೆ. ಇಡಬ್ಲ್ಯೂಎಸ್‌ಗೆ ಸಂಬಳ, ತೋಟ, ವ್ಯಾಪಾರ ಎಲ್ಲ ಸೇರುತ್ತದೆ, ಹಿಂದಿನ ಒಂದು ಹಣಕಾಸು ವರ್ಷದ್ದು ಮಾತ್ರ ನೋಡಬೇಕು, ಐದು ಎಕರೆ ಕೃಷಿ ಜಮೀನು ಇದ್ದರೆ ಸಿಗುವುದೇ ಇಲ್ಲ. ಕೇಂದ್ರದ ಒಬಿಸಿಗೆ ಸಂಬಳವೂ ಸೇರುವುದಿಲ್ಲ, ತೋಟವೂ ಸೇರುವುದಿಲ್ಲ, ಮೂರು ವರ್ಷ ನೋಡಬೇಕು. ದಿನಕ್ಕೆ ನೂರಾರು ಅರ್ಜಿ ನೋಡುವವರ ತಲೆಯಲ್ಲಿ ಉಳಿಯುವುದು ಎಂಟು ಲಕ್ಷ ಒಂದೇ. ಇದು ಅವರನ್ನು ಬೈದರೆ ಸರಿಹೋಗುವ ವಿಷಯ ಅಲ್ಲ. ಮೂರನ್ನೂ ಬಿಡಿಸಿ ಹೇಳುವ ಒಂದು ಸುತ್ತೋಲೆ ಪ್ರತಿ ನಾಡಕಚೇರಿಯ ಗೋಡೆ ಮೇಲೆ ಇದ್ದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ವಿಷಯ ಇದೆ. ಇದು ಮಲೆನಾಡಿಗೇ ಸಂಬಂಧಪಟ್ಟಿದ್ದು, ದಯವಿಟ್ಟು ಗಮನ ಕೊಟ್ಟು ಓದಿ. 1993ರ ಅನುಬಂಧದಲ್ಲಿ ತೋಟದ ಬೆಳೆಗಳನ್ನು ಎರಡು ಗುಂಪು ಮಾಡಿದ್ದಾರೆ. ಕಾಫಿ, ಟೀ, ರಬ್ಬರ್ ಇತ್ಯಾದಿ ಒಂದು. ಇವರಿಗೆ ಆದಾಯದ ಪರೀಕ್ಷೆ. ಮಾವು, ನಿಂಬೆ ಜಾತಿಯ ಹಣ್ಣು, ಸೇಬು ಇತ್ಯಾದಿ ಇನ್ನೊಂದು. ಇವನ್ನು ಕೃಷಿ ಜಮೀನು ಎಂದೇ ಎಣಿಸಬೇಕು. ಅಡಿಕೆಯ ಹೆಸರು ಎರಡರಲ್ಲೂ ಇಲ್ಲ. ಹಾಗಾದರೆ ಅಡಿಕೆ ಯಾವ "ಇತ್ಯಾದಿ"ಯಲ್ಲಿ ಬರುತ್ತದೆ? ಈ ಒಂದು ಪದದ ಮೇಲೆ ಶಿವಮೊಗ್ಗ ಜಿಲ್ಲೆಯ ಎಷ್ಟೋ ಮಕ್ಕಳ ಅರ್ಜಿ ನಿಂತಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಭದ್ರಾವತಿ, ಎಲ್ಲಿ ನೋಡಿದರೂ ಅಡಿಕೆಯೇ ಅಲ್ವಾ?

ನಮ್ಮ ರಾಜ್ಯದ ಕಾನೂನಿನಲ್ಲೇ ಇದಕ್ಕೆ ಉತ್ತರ ಇದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ ಪ್ಲಾಂಟೇಷನ್ ಬೆಳೆ ಅಂದರೆ ಯಾವುದು ಅಂತ ಹೇಳುವಾಗ ಏಲಕ್ಕಿ, ಕಾಫಿ, ಕಾಳುಮೆಣಸು, ರಬ್ಬರ್, ಟೀ ಹೆಸರು ಹೇಳುತ್ತದೆ. ಅಡಿಕೆಯನ್ನು ಹೇಳುವುದಿಲ್ಲ. ಅದಕ್ಕೇ ಅಡಿಕೆ ತೋಟದ ಗೇಣಿದಾರರಿಗೂ ಭೂಮಿ ಸಿಕ್ಕಿತು. ಅಡಿಕೆ ತೋಟ ಕೃಷಿ ಜಮೀನು ಅಂತ ಒಪ್ಪಿಕೊಂಡೇ ಸರ್ಕಾರ ಭಾವನ ಅಪ್ಪನಿಗೆ ಹಕ್ಕುಪತ್ರ ಕೊಟ್ಟಿದ್ದು. ಪಹಣಿಯಲ್ಲಿ ಇವತ್ತಿಗೂ ಬಾಗಾಯ್ತು (ತೋಟದ ಜಮೀನು) ಅಂತಲೇ ಇದೆ. ಅಜ್ಜನಿಗೆ ಕೃಷಿ ಜಮೀನು ಆಗಿದ್ದ ತೋಟ ಮೊಮ್ಮಗಳಿಗೆ ಪ್ಲಾಂಟೇಷನ್ ಹೇಗೆ ಆಗುತ್ತದೆ?

ವಾದಕ್ಕೆ ಪ್ಲಾಂಟೇಷನ್ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಸತತ ಮೂರು ವರ್ಷ ಎಂಟು ಲಕ್ಷ ಆಗಬೇಕು. ಆ ಮನೆಯ ಲೆಕ್ಕ ನನಗೆ ಗೊತ್ತು. ಎಂಟೂವರೆ ಲಕ್ಷದ ಆ ವರ್ಷವೇ ಮರದಿಂದ ಅಡಿಕೆ ಕೊನೆ (ಗೊನೆ) ತೆಗೆಸಿದ್ದು, ಸುಲಿಸಿದ್ದು, ಬೇಯಿಸಿ ಒಣಗಿಸಿದ್ದು, ಗೊಬ್ಬರ, ಎರಡು ಸಲ ಔಷಧಿ ಹೊಡೆಸಿದ್ದು ಎಲ್ಲ ಸೇರಿ ಮೂರು ಮುಕ್ಕಾಲು ಲಕ್ಷ ಹೋಗಿದೆ. ಮಂಡಿಯ ಹಳೇ ಸಾಲ ಮುರಿದುಕೊಂಡಿದ್ದು ಬೇರೆ. ಮರುವರ್ಷ ಮಳೆ ಬಿಡಲೇ ಇಲ್ಲ. ಎರಡನೇ ಔಷಧಿಗೆ ಎರಡು ದಿನದ ಬಿಸಿಲು ಸಿಗಲಿಲ್ಲ. ಕೊಳೆ ರೋಗ ಬಂತು. ಬೆಳಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಕೊಂಡು ಬಿದ್ದಿರುತ್ತಿತ್ತು. ಅಕ್ಕ ಬುಟ್ಟಿಯಲ್ಲಿ ಆರಿಸಿ ಆರಿಸಿ ಗೊಬ್ಬರದ ಗುಂಡಿಗೆ ಹಾಕಿದಳು. ಕೈಗೆ ಬಂದಿದ್ದು 7 ಕ್ವಿಂಟಾಲ್. ಅದರ ಮುಂದಿನ ವರ್ಷ ಎಲೆಚುಕ್ಕೆ ರೋಗ ಶುರುವಾಯಿತು. ಸೋಗೆ ಹಳದಿಯಾಗಿ ಜೋತುಬಿದ್ದ ಆ ತೋಟ ನೋಡಿದರೆ ಯಾರೂ ಆ ಮನೆಗೆ ಕೆನೆಪದರ ಅನ್ನುವುದಿಲ್ಲ. ಹಿಂಬರಹ ಮಾತ್ರ ಇನ್ನೂ ಹಾಗೇ ಇದೆ.

ಕೆನೆಪದರ ಅನ್ನುವ ಮಾತು ಎಲ್ಲಿಂದ ಬಂತು, ಯಾಕೆ ಬಂತು ಅಂತಲೂ ಓದಿದೆ. 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೇಂದ್ರದ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಕೊಟ್ಟ ಮಂಡಲ್ ಮೀಸಲಾತಿಯನ್ನು ಎತ್ತಿಹಿಡಿದು, ಮುಂದುವರಿದವರನ್ನು ಹೊರಗಿಡಿ ಎಂದಿತು. ಅದೇ ತೀರ್ಪಿನಲ್ಲಿ ಒಬ್ಬ ಬಡಗಿಯ ಉದಾಹರಣೆ ಇದೆ. ಹಿಂದುಳಿದ ಜಾತಿಯ ಬಡಗಿಯೊಬ್ಬ ಗಲ್ಫ್ ದೇಶಕ್ಕೆ ಹೋಗಿ ಅಲ್ಲೂ ಬಡಗಿ ಕೆಲಸವನ್ನೇ ಮಾಡುತ್ತಾನೆ. ರೂಪಾಯಿ ಲೆಕ್ಕದಲ್ಲಿ ಅವನ ದುಡಿಮೆ ದೊಡ್ಡದು. ಹಾಗಂತ ಊರಲ್ಲಿರುವ ಅವನ ಮಕ್ಕಳನ್ನು ಮುಂದುವರಿದವರು ಅನ್ನಬಹುದೇ ಎಂದು ಕೋರ್ಟ್ ಕೇಳಿತ್ತು. ಆದಾಯದ ಮಿತಿ ಹಾಕುವಾಗ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ ಆಗಬಾರದು ಅಂತಲೂ ಹೇಳಿತ್ತು. 2021ರಲ್ಲಿ ಹರಿಯಾಣದ ಪ್ರಕರಣದಲ್ಲಿ, ಬರೀ ಆದಾಯ ನೋಡಿ ಕೆನೆಪದರ ಗುರುತಿಸುವಂತಿಲ್ಲ ಎಂದು ಅದೇ ಕೋರ್ಟ್ ಮತ್ತೆ ಹೇಳಿತು. ಅಕ್ಕನ ಮನೆಗೆ ಆ ಬಡಗಿಯ ಮಾತು ಪೂರ್ತಿ ಹೊಂದುತ್ತದೆ. ಒಂದು ವರ್ಷದ ಧಾರಣೆ ಅವರನ್ನು ತಾಲ್ಲೂಕು ಕಚೇರಿಯಲ್ಲಿ ಪರಿಚಯ ಇರುವವರನ್ನಾಗಿ ಮಾಡಲಿಲ್ಲ, ಕುರ್ಚಿ ಕೊಟ್ಟು ಮಾತಾಡಿಸುವಂಥವರನ್ನಾಗಿ ಮಾಡಲಿಲ್ಲ.

ಅಳತೆಯ ಜಗಳ ನಮ್ಮ ತಾಲ್ಲೂಕಿಗೆ ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿದ್ದೇ ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದಾಗಿರುತ್ತಿತ್ತು. ಒಂದೇ ಹೆಸರು, ಬೇರೆ ಅಳತೆ. ಅದನ್ನು ಪ್ರಶ್ನೆ ಮಾಡಿದವರು ದೀವರ ಗೇಣಿದಾರರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಬಂದರು. ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಜೈಲಿಗೆ ಹೋದರು. ಆ ಜನ ಸರಿಯಾದ ಕೊಳಗ ಕೇಳಿದ್ದರು. ಎಪ್ಪತ್ತು ವರ್ಷ ಕಳೆದ ಮೇಲೆ ಅವರ ಮೊಮ್ಮಕ್ಕಳ ಪರವಾಗಿ ನಾನು ಕೇಳುತ್ತಿರುವುದೂ ಅದನ್ನೇ.

ಈಗ ರಾಜ್ಯದ ಮಾತು. ಕೇಂದ್ರದ್ದು ನಿಯಮ ಸರಿ ಇದ್ದು ಓದುವುದು ತಪ್ಪಾಗಿರುವ ಕಥೆ. ರಾಜ್ಯದ ನಮೂನೆ-ಎಫ್‌ಗೆ ತೋಟದ್ದು, ಸಂಬಳದ್ದು ಎಲ್ಲ ಸೇರಿಸಿ ಬರೆಯುವುದನ್ನೇ ನಾನು ಇಷ್ಟು ವರ್ಷವೂ ನೋಡಿದ್ದೇನೆ. ಹಾಗಾಗಿ ಒಂದೇ ಮನೆಯ ಹುಡುಗಿ ಕೇಂದ್ರದ ಗುಮಾಸ್ತ ಹುದ್ದೆಗೆ ಹಿಂದುಳಿದವಳು, ರಾಜ್ಯದ ಗುಮಾಸ್ತ ಹುದ್ದೆಗೆ ಮುಂದುವರಿದವಳು. ಗಂಡ ಹೆಂಡತಿ ಇಬ್ಬರೂ ಪ್ರೈಮರಿ ಶಾಲೆ ಮೇಷ್ಟ್ರುಗಳಾಗಿರುವ ಮನೆಗಳೂ ಇದೇ ಇಕ್ಕಟ್ಟಿನಲ್ಲಿವೆ. 2024ರ ಆಗಸ್ಟಿನಲ್ಲಿ ಏಳನೇ ವೇತನ ಆಯೋಗದ ಸಂಬಳ ಬಂತು. ರಾಜ್ಯದಲ್ಲಿ ಕನಿಷ್ಠ ಮೂಲವೇತನ 17,000ದಿಂದ 27,000 ಆಯಿತು. ಅವರಿಗೆ ಸಿಕ್ಕಿದ್ದು ಸಿಗಲಿ, ಖುಷಿ. ಆದರೆ ಎಂಟು ಲಕ್ಷ ಎಂಟೇ ಲಕ್ಷವಾಗಿ ಉಳಿಯಿತು.

ಕೇಂದ್ರದಲ್ಲೂ ಹಾಗೇ. 1993ರಲ್ಲಿ ಮಿತಿ 1 ಲಕ್ಷ ಇತ್ತು. 2004ರಲ್ಲಿ ಎರಡೂವರೆ, 2008ರಲ್ಲಿ ನಾಲ್ಕೂವರೆ, 2013ರಲ್ಲಿ 6, 2017ರಲ್ಲಿ 8 ಲಕ್ಷ ಆಯಿತು. ರೂಪಾಯಿ ಬೆಲೆ ನೋಡಿ ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಮೊದಲ ಆದೇಶದಲ್ಲೇ ಇದೆ. ಆದರೆ 2017ರ ಮೇಲೆ 8 ಲಕ್ಷದಲ್ಲೇ ನಿಂತಿತು. ಔಷಧಿಗೆ ಬೇಕಾದ ಮೈಲುತುತ್ತದ ಬೆಲೆ, ಕೊನೆ ತೆಗೆಯುವವರ ಕೂಲಿ ಅಲ್ಲೇ ನಿಂತಿದೆಯಾ?

ಇದರ ಇನ್ನೊಂದು ಮುಖ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಹತ್ತು ಹನ್ನೆರಡು ಎಕರೆ ತೋಟ, ಶಿವಮೊಗ್ಗದಲ್ಲಿ ಬಾಡಿಗೆ ಕಟ್ಟಡ ಇರುವ ಮನೆಯವರು ವರ್ಷಕ್ಕೆ 40 ಸಾವಿರ ಆದಾಯದ ಪ್ರಮಾಣಪತ್ರ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಅದನ್ನು ಸ್ಕ್ಯಾನ್ ಮಾಡುವುದೂ ನಾನೇ. ಯಾವ ಲೆಕ್ಕದಲ್ಲಿ 40 ಸಾವಿರ ಬಂತು ಅಂತ ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಅಕ್ಕನ ಮನೆಯವರಿಗೂ ಜನ ಬುದ್ಧಿ ಹೇಳಿದರು. ಮಂಡಿ ಪಟ್ಟಿ ಯಾಕೆ ತೋರಿಸೋಕೆ ಹೋದ್ರಿ, ಮೂವತ್ತೋ ನಲವತ್ತೋ ಸಾವಿರ ಬರೆಸಿದ್ದರೆ ಮುಗೀತಿತ್ತು ಅಂದರು. ಭಾವ ಅವತ್ತು ಏನೂ ಮಾತಾಡಲಿಲ್ಲ. ನಿಜ ಹೇಳಿ ಮಗಳ ಕೆಲಸ ತಪ್ಪಿಸಿದೆ ಅನ್ನುವ ಕೊರಗು ಆ ಮನುಷ್ಯನನ್ನು ಇವತ್ತಿಗೂ ಬಿಟ್ಟಿಲ್ಲ. ಊಟಕ್ಕೆ ಕೂತಾಗ ಮಗಳ ಮುಖ ನೋಡುವುದಿಲ್ಲ.

ಸ್ವಾಮಿ, ಇಷ್ಟು ಮಾಡಿಕೊಡಿ. ಕೇಂದ್ರದ ಒಬಿಸಿ ಪ್ರಮಾಣಪತ್ರಕ್ಕೆ ಕೃಷಿ ಆದಾಯ, ಸಂಬಳ ಸೇರಿಸಬಾರದು, ಮೂರು ವರ್ಷ ನೋಡಬೇಕು ಎಂದು ಎಲ್ಲ ತಹಸೀಲ್ದಾರರಿಗೆ, ಕಂದಾಯ ನಿರೀಕ್ಷಕರಿಗೆ, ಗ್ರಾಮ ಆಡಳಿತ ಅಧಿಕಾರಿಗಳಿಗೆ ಕನ್ನಡದಲ್ಲಿ ಒಂದು ಸುತ್ತೋಲೆ ಕಳಿಸಿ. ಅಡಿಕೆ ತೋಟ ಕೃಷಿ ಜಮೀನು ಅನ್ನುವುದನ್ನು ಅದರಲ್ಲೇ ಬರೆಯಿರಿ. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾದರೆ ರಾಜ್ಯದಿಂದ ಪತ್ರ ಬರೆದು ಸ್ಪಷ್ಟನೆ ತರಿಸಿ. ರಾಜ್ಯದ ನಮೂನೆ-ಎಫ್‌ಗೂ ಒಂದು ವರ್ಷದ ಪಟ್ಟಿ ಬೇಡ, ಮೂರು ವರ್ಷದ ಸರಾಸರಿ ತೆಗೆಯಿರಿ, ಖರ್ಚು ಕಳೆಯಿರಿ. ಹಿಂಬರಹ ಕೊಡುವುದಾದರೆ ಒಂದು ಸಾಲು ಬೇಡ. ಯಾವ ನಿಯಮ, ಯಾವ ಲೆಕ್ಕ, ಯಾರಿಗೆ ಮೇಲ್ಮನವಿ ಹಾಕಬೇಕು ಅಂತ ಬರೆದುಕೊಡಿ. ಕೊಡುವ ಪ್ರಮಾಣಪತ್ರದಲ್ಲೂ ಆ ಲೆಕ್ಕ ಇರಲಿ. ಆಗ 40 ಸಾವಿರದವರ ಕಾಗದವೂ ಮಾತಾಡುತ್ತದೆ.

1993ರ ಆದೇಶದ ಅನುಬಂಧವನ್ನು ನಾನೇ ಕನ್ನಡ ಮಾಡಿ, ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದು ಅಂಗಡಿಯಲ್ಲಿ ಇಟ್ಟಿದ್ದೇನೆ. ಕೆನೆಪದರದ ಪ್ರಶ್ನೆ ಬಂದಾಗ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಜೆರಾಕ್ಸ್ ಅಂಗಡಿಯ ಹಾಳೆಗೆ ಕಚೇರಿಯಲ್ಲಿ ಬೆಲೆ ಇಲ್ಲ. ನಿಮ್ಮ ಸಹಿ ಬೇಕು.

ಅಕ್ಕನ ಮಗಳಿಗೆ ಈಗ 26 ವರ್ಷ. ಸಿಎಚ್‌ಎಸ್‌ಎಲ್‌ಗೆ ಜನರಲ್‌ನವರಿಗೆ 27ಕ್ಕೆ ವಯಸ್ಸು ಮುಗಿಯುತ್ತದೆ. ಒಬಿಸಿ ಪ್ರಮಾಣಪತ್ರ ಸಿಕ್ಕರೆ ಇನ್ನೂ ಮೂರು ವರ್ಷ ಇದೆ. ಮತ್ತೆ ಅರ್ಜಿ ಹಾಕಿದ್ದಾಳೆ. ಈ ಸಲ ಮಂಡಿ ಪಟ್ಟಿಯ ಜೊತೆ ಪಹಣಿ, ಮೂರು ವರ್ಷದ ಲೆಕ್ಕ, ನನ್ನ ಆ ಎರಡು ಹಾಳೆ ಎಲ್ಲ ಲಗತ್ತಿಸಿದ್ದೇನೆ. ಅರ್ಜಿ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಇದೆ ಅಂತ ಕಂಪ್ಯೂಟರ್ ತೋರಿಸುತ್ತಿದೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಅವಳ ಅರ್ಜಿಯ ಆರ್‌ಡಿ ನಂಬರ್ ಹಾಕಿ ನೋಡುತ್ತೇನೆ. ಇವತ್ತೂ ನೋಡಿದೆ. ಇನ್ನೂ ಅಲ್ಲೇ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಆನಂದಪುರದ ಜೆರಾಕ್ಸ್ ಅಂಗಡಿಯವನು